ಮಗಳಿಗೊಂದು ಪತ್ರ: ಬೆಲೆಯೂ ಏರಿ, ಕೆಲಸವೂ ಕುಸಿದಾಗ

ಪ್ರೀತಿಯ ಪುಟ್ಟೀ,

ಮೊನ್ನೆ ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇಲ್ಲಿ ಕುಕ್ಕರ್ ಕೂಗುತ್ತಿತ್ತು, ಅಲ್ಲಿ ನಿನಗೆ ಮೀಟಿಂಗ್. ಆದರೆ ನೀನು ಕೇಳಿದ ಮಾತು ಮನಸ್ಸಲ್ಲೇ ಉಳಿದಿದೆ. "ಸಾಮಾನಿನ ಬೆಲೆ ಏರ್ತಿರುವಾಗ, ಜನರ ಕೆಲಸ ಹೋಗ್ತಿರುವಾಗ ಬಡ್ಡಿಯನ್ನೂ ಏರಿಸೋದು ಅಂದ್ರೆ ಗಾಯದ ಮೇಲೆ ಬರೆ ಎಳೆದ ಹಾಗಲ್ವಾ ಅಮ್ಮಾ?" ಅಂದೆ. ಮನೆ ಸಾಲಕ್ಕೆ ಅರ್ಜಿ ಹಾಕಿರುವವಳು, ಪಕ್ಕದ ಟೀಮಿನಲ್ಲಿ ಜನರನ್ನು ತೆಗೆಯುವುದನ್ನು ನೋಡಿರುವವಳು ಹೀಗೆ ಕೇಳುವುದು ಸಹಜ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದೇನೆ, ಅದರಲ್ಲಿ ಜಾಸ್ತಿ ವರ್ಷ ಸಾಲದ ವಿಭಾಗದಲ್ಲೇ. ನನಗೆ ತಿಳಿದಷ್ಟು ಹೇಳುತ್ತೇನೆ.

ಬೇರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯೇ ರೆಪೊ ದರ. ಅದು ಏರಿದರೆ ಮನೆ ಸಾಲ, ಗಾಡಿ ಸಾಲ, ಅಂಗಡಿಯವರ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಸಾಲ) ಎಲ್ಲವೂ ದುಬಾರಿ. ಆಗ ಜನ ಕೊಳ್ಳುವುದನ್ನು ಮುಂದಕ್ಕೆ ಹಾಕುತ್ತಾರೆ. ಕೊಳ್ಳುವವರು ಕಡಿಮೆಯಾದರೆ ಮಾರುವವರು ಬೆಲೆ ಏರಿಸಲು ಹಿಂದೆಮುಂದೆ ನೋಡುತ್ತಾರೆ. ಇದರಿಂದ ಬೆಲೆಗೆ ಕಡಿವಾಣ ಬೀಳುತ್ತದೆ, ಅದೇ ಏಟಿಗೆ ಕೆಲಸಗಳಿಗೂ ಪೆಟ್ಟು ಬೀಳುತ್ತದೆ. ಬೆಲೆ ಮಾತ್ರ ಕೆಟ್ಟಿದ್ದರೆ ಬಡ್ಡಿ ಏರಿಸಬಹುದು, ಕೆಲಸ ಮಾತ್ರ ಕೆಟ್ಟಿದ್ದರೆ ಇಳಿಸಬಹುದು. ಎರಡೂ ಒಟ್ಟಿಗೆ ಕೆಟ್ಟಾಗಲೇ ಕಷ್ಟ.

ಮೊದಲು ನೋಡಬೇಕಾದದ್ದು, ಬೆಲೆ ಯಾಕೆ ಏರಿತು ಅನ್ನುವುದನ್ನು. ಜುಲೈ 2023 ನೆನಪಿದೆಯಾ? ಟೊಮೆಟೊ ಕೆಜಿಗೆ ನೂರು ದಾಟಿತ್ತು. ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕಿ ಕಾಲ ತಳ್ಳುತ್ತಿದ್ದೆ. ಆ ತಿಂಗಳ ಚಿಲ್ಲರೆ ಹಣದುಬ್ಬರ, ಅಂದರೆ ನಾವು ಕೊಳ್ಳುವ ಸಾಮಾನಿನ ಬೆಲೆ ಹಿಂದಿನ ವರ್ಷಕ್ಕಿಂತ ಏರಿದ ಪ್ರಮಾಣ, ಶೇ. 7.44 ಅಂತ ಆಮೇಲೆ ಲೆಕ್ಕ ಬಂತು. ಆದರೂ ಆಗಸ್ಟ್ 10ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಮುಟ್ಟಲಿಲ್ಲ, ಶೇ. 6.5ರಲ್ಲೇ ಬಿಟ್ಟಿತು. ಬಡ್ಡಿ ಏರಿಸಿದರೆ ಕೋಲಾರದ ತೋಟದಲ್ಲಿ ಕಾಯಿ ಬೇಗ ಹಣ್ಣಾಗುತ್ತಾ? ಹೊಸ ಬೆಳೆ ಬಂತು, ಸೆಪ್ಟೆಂಬರಿನ ಹಣದುಬ್ಬರ ಶೇ. 5ರ ಹತ್ತಿರಕ್ಕೆ ಇಳಿಯಿತು. ಅವತ್ತು ಸುಮ್ಮನಿದ್ದದ್ದೇ ಸರಿ.

ಆದರೆ ಎಲ್ಲ ಬೆಲೆಯೂ ಟೊಮೆಟೊ ಥರ ಅಲ್ಲ. ನಮ್ಮ ರಸ್ತೆಯ ಕೊನೆಯ ದರ್ಶಿನಿಯಲ್ಲಿ ಬೆಲೆ ಪಟ್ಟಿ ಮೇಲೆ ಸ್ಟಿಕ್ಕರ್ ಅಂಟಿಸುತ್ತಾರಲ್ಲ, ಹಳೇ ಅಂಕಿಯ ಮೇಲೆ ಹೊಸದು? ಕಳೆದ ವಾರ ಕಾಫಿಗೆ ನಿಂತಾಗ ಇಡ್ಲಿ-ವಡೆಯ ಸಾಲಿನಲ್ಲಿ ಒಂದು ಸ್ಟಿಕ್ಕರಿನ ಅಂಚು ಎದ್ದಿತ್ತು. ಅದರಡಿ ಇನ್ನೊಂದು, ಅದರಡಿ ಮತ್ತೊಂದು. ಅಂಟಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕಿತ್ತು ಹಳೇ ಬೆಲೆಗೆ ಹೋದದ್ದನ್ನು ಒಂದು ಸಲವೂ ಕಂಡಿಲ್ಲ. ಗ್ಯಾಸ್ ಏರಿತು ಅಂತ ಹೋಟೆಲಿನವರು ಏರಿಸುತ್ತಾರೆ, ಊಟ ಏರಿತು ಅಂತ ಆಟೋದವರು ಜಾಸ್ತಿ ಕೇಳುತ್ತಾರೆ, ಮುಂದಿನ ವರ್ಷ ಇನ್ನೂ ಏರುತ್ತದೆ ಅಂತ ಮನೆ ಮಾಲೀಕರು ಈಗಲೇ ಬಾಡಿಗೆ ಏರಿಸುತ್ತಾರೆ. ಯಾರದ್ದೂ ತಪ್ಪಲ್ಲ. ಆದರೆ ಏರುವುದೇ ಎಲ್ಲರಿಗೂ ಅಭ್ಯಾಸವಾಗಿಬಿಟ್ಟರೆ ನಿಲ್ಲಿಸುವುದು ಬಹಳ ಕಷ್ಟ. ರಿಸರ್ವ್ ಬ್ಯಾಂಕಿನವರು ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಮನೆಮನೆಗೆ ಹೋಗಿ "ಬೆಲೆ ಇನ್ನೆಷ್ಟು ಏರಬಹುದು ಅನ್ನಿಸುತ್ತೆ?" ಅಂತ ಕೇಳಿಸುವುದು ಈ ಅಂಜಿಕೆಯಿಂದಲೇ.

ಅಮೆರಿಕಕ್ಕೆ ಈ ಪಾಠ ಬಹಳ ದುಬಾರಿಯಾಯಿತು. 1973ರ ಕೊನೆಗೆ ತೈಲ ಬೆಲೆ ನಾಲ್ಕು ಪಟ್ಟಾಗತೊಡಗಿತು. ಬೆಲೆ ಏರಿತು, ಕೆಲಸಗಳೂ ಹೋದವು. ಅಲ್ಲಿನ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸುವುದು, ನಿರುದ್ಯೋಗ ಕಂಡ ಕೂಡಲೇ ಇಳಿಸುವುದು ಹೀಗೇ ಮಾಡಿತು. ಹಣದುಬ್ಬರ ಪೂರ್ತಿ ತಣಿಯುವ ಮೊದಲೇ ಕೈಬಿಡುತ್ತಿದ್ದದ್ದರಿಂದ ಅದು ಪ್ರತಿ ಸಲ ಹೆಚ್ಚು ಬಲವಾಗಿ ವಾಪಸ್ ಬಂತು. 1979ರಲ್ಲಿ ಪಾಲ್ ವೋಲ್ಕರ್ ಆ ಬ್ಯಾಂಕಿನ ಮುಖ್ಯಸ್ಥರಾಗಿ ಬಂದು ಬಡ್ಡಿಯನ್ನು ಶೇ. 20ರ ಹತ್ತಿರಕ್ಕೆ ಒಯ್ದರು. ರೈತರು ಟ್ರ್ಯಾಕ್ಟರ್ ತಂದು ಕೇಂದ್ರ ಬ್ಯಾಂಕಿನ ಮುಂದೆ ನಿಲ್ಲಿಸಿದರು. ಮನೆ ಕಟ್ಟುವವರು ಮರದ ತುಂಡುಗಳ ಮೇಲೆ "ಬಡ್ಡಿ ಇಳಿಸಿ" ಅಂತ ಬರೆದು ಅಂಚೆಯಲ್ಲಿ ಕಳಿಸಿದರು. 1982ರ ಕೊನೆಗೆ ನಿರುದ್ಯೋಗ ಶೇ. 10.8. ಬೆಲೆ ಹತೋಟಿಗೆ ಬಂತು ನಿಜ. ಆ ಮರದ ತುಂಡು ಕಳಿಸಿದವರಲ್ಲಿ ಎಷ್ಟು ಜನ ಮತ್ತೆ ಮನೆ ಕಟ್ಟುವ ಕೆಲಸಕ್ಕೆ ಬಂದರೋ ಅಂತ ನಾನು ಆಗಾಗ ಯೋಚಿಸುತ್ತೇನೆ.

ಉಲ್ಟಾ ದಾರಿ ಹಿಡಿದವರೂ ಇದ್ದಾರೆ. 2021ರಲ್ಲಿ ಬೆಲೆ ಏರುತ್ತಿರುವಾಗಲೇ ಟರ್ಕಿ ಬಡ್ಡಿಯನ್ನು ಶೇ. 19ರಿಂದ 14ಕ್ಕೆ ಇಳಿಸಿತು. ಮರುವರ್ಷ ಅಕ್ಟೋಬರಿನಲ್ಲಿ ಅಲ್ಲಿನ ಹಣದುಬ್ಬರ ಶೇ. 85 ದಾಟಿತು.

ನಮ್ಮಲ್ಲಿ ಎರಡೂ ಥರ ಆಗಿದೆ. 2020ರ ಲಾಕ್‌ಡೌನಿನ ಮೂರು ತಿಂಗಳಲ್ಲಿ ದೇಶದ ಉತ್ಪಾದನೆ ಸುಮಾರು ಶೇ. 24 ಕುಸಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಣದುಬ್ಬರ ಶೇ. 7.6. ಕಾನೂನಿನ ಪ್ರಕಾರ ಗುರಿ ಶೇ. 4, ಹೆಚ್ಚೆಂದರೆ 6. ಅದೇ ಕಾನೂನು "ಬೆಳವಣಿಗೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು" ಅಂತಲೂ ಹೇಳುತ್ತದೆ. ಆಗ ರಿಸರ್ವ್ ಬ್ಯಾಂಕ್ ರೆಪೊವನ್ನು ಶೇ. 4ರಲ್ಲೇ ಇಟ್ಟು ಜನರನ್ನು ಉಳಿಸುವ ಕಡೆ ನಿಂತಿತು. 2022ರಲ್ಲಿ ಉಕ್ರೇನ್ ಯುದ್ಧ ಬಂತು, ಏಪ್ರಿಲಿನ ಹಣದುಬ್ಬರ ಶೇ. 7.79. ಮೇ 4ರಂದು ನಿಗದಿಯಿಲ್ಲದ ಸಭೆ ಕರೆದು ಏರಿಸಲು ಶುರು ಮಾಡಿದರು. 2023ರ ಫೆಬ್ರುವರಿ ಹೊತ್ತಿಗೆ 6.5. ಎರಡು ಮೂರು ತಿಂಗಳು ಮೊದಲೇ ಶುರು ಮಾಡಬೇಕಿತ್ತು ಅಂತ ನನ್ನ ಅನಿಸಿಕೆ. ತಡವಾದಷ್ಟೂ ಒಮ್ಮೆಲೇ ಜಾಸ್ತಿ ಏರಿಸಬೇಕಾಗುತ್ತದೆ, ಆ ಏಟು ಕೌಂಟರಿನ ಈಚೆ ಕೂತ ನಮಗೆ ಕಾಣುತ್ತಿತ್ತು.

ಆ ವರ್ಷ ಪೀಣ್ಯದಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರೊಬ್ಬರು ನನ್ನ ಎದುರು ಬಂದು ಕೂತರು. ಉಗುರಿನ ಸಂದಿಯಲ್ಲಿ ಎಣ್ಣೆ ಕಪ್ಪು. ಕಬ್ಬಿಣದ ಬಿಲ್ಲನ್ನು ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ನಮ್ಮ ಬಡ್ಡಿ ಪತ್ರ ಇಟ್ಟರು. "ಮೇಡಂ, ಅದೂ ಮೇಲೆ, ಇದೂ ಮೇಲೆ. ನಾನು ಯಾರಿಗೆ ರೇಟ್ ಏರಿಸ್ಲಿ?" ಅಂದರು. ಒಬ್ಬ ಹುಡುಗನನ್ನು ಆಗಲೇ ಕೆಲಸದಿಂದ ಬಿಡಿಸಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ತಿಂಗಳುಗಳಲ್ಲಿ ನಮ್ಮ ಮನೆಕೆಲಸಕ್ಕೆ ಬರುವ ಅಕ್ಕ ಒಂದು ಲೀಟರ್ ಎಣ್ಣೆ ಬಿಟ್ಟು ಅರ್ಧ ಲೀಟರ್ ಪ್ಯಾಕೆಟ್ ತರುತ್ತಿದ್ದರು. ಸೂರ್ಯಕಾಂತಿ ಎಣ್ಣೆ ಲೀಟರಿಗೆ 200 ರೂಪಾಯಿ ಮುಟ್ಟಿತ್ತು. ಅವರಿಗೆ ಸಾಲವೂ ಇಲ್ಲ, ಇಎಂಐಯೂ ಇಲ್ಲ. ಅವರ ಸಂಬಳ ನಾವು ಏರಿಸುವುದು ವರ್ಷಕ್ಕೊಮ್ಮೆ, ಬೆಲೆ ಏರುವುದು ವಾರಕ್ಕೊಮ್ಮೆ. ಬಡ್ಡಿ ಏರಿಸದೆ ಬೆಲೆಯನ್ನು ಓಡಲು ಬಿಟ್ಟಿದ್ದರೆ ಅವರ ಪರವಾಗಿ ಟ್ರ್ಯಾಕ್ಟರ್ ನಿಲ್ಲಿಸುವವರು ಯಾರೂ ಇರುತ್ತಿರಲಿಲ್ಲ. ಬೆಲೆ ಬೇರುಬಿಡುತ್ತಿದೆ ಅಂತ ಕಂಡಾಗ ಬಡ್ಡಿ ಏರಿಸಲೇಬೇಕು ಅಂತ ನಾನು ಹೇಳುವುದು ಅದಕ್ಕೇ. ಆದರೆ ಪೀಣ್ಯದ ಆ ಹುಡುಗನ ಕೈಹಿಡಿಯುವ ಕೆಲಸವನ್ನು ಸರ್ಕಾರ ಮಾಡಬೇಕು. ಬಡ್ಡಿಯಿಂದ ಅದು ಆಗುವುದಿಲ್ಲ.

ಈಗ ನಿನ್ನ ಸಾಲ. ಮನೆ ಸಾಲದ ಬಡ್ಡಿ ಶೇ. 6.5 ಅಂತ ಇಟ್ಟುಕೊಂಡರೆ 30 ಲಕ್ಷಕ್ಕೆ 20 ವರ್ಷಕ್ಕೆ ಇಎಂಐ ಸುಮಾರು 22,370 ರೂಪಾಯಿ. 2022-23ರಲ್ಲಿ ಆದ ಹಾಗೆ ಎರಡೂವರೆ ಏರಿ 9 ಆಯಿತು ಅನ್ನು, ಸುಮಾರು 27,000. ಕಂತು ಹಾಗೇ ಇರಲಿ, ಅವಧಿ ಬೆಳೆಯಲಿ ಅಂದುಕೊಂಡರೆ ಇನ್ನೂ ಕಷ್ಟ: 30 ಲಕ್ಷದ ಒಂದು ತಿಂಗಳ ಬಡ್ಡಿಯೇ 22,500. ಕಟ್ಟಿದ ಹಣ ಬಡ್ಡಿಗೇ ಸಾಲುವುದಿಲ್ಲ, ಅಸಲು ಕರಗುವುದೇ ಇಲ್ಲ. ಅದಕ್ಕೇ 27,000 ಕಟ್ಟಲು ಆಗುತ್ತದಾ ಅಂತ ಇವತ್ತೇ ಲೆಕ್ಕ ಹಾಕು. ಆರು ತಿಂಗಳ ಕಂತನ್ನು ಬೇರೆ ತೆಗೆದಿಡಲು ಆಗದಿದ್ದರೆ ಚಿಕ್ಕ ಮನೆ ನೋಡೋಣ.

ಭಾನುವಾರ ಬರುವಾಗ ಸಾಲದ ಮಂಜೂರಾತಿ ಪತ್ರ (ಸ್ಯಾಂಕ್ಷನ್ ಲೆಟರ್) ತಾ. ಬಡ್ಡಿ ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತದೆ, ಏರಿದಾಗ ಕಂತು ಏರಿಸುವುದೋ ಅವಧಿ ಏರಿಸುವುದೋ ಅಂತ ನಿನ್ನನ್ನು ಕೇಳುತ್ತಾರಾ ಅಂತ ಅದರಲ್ಲಿ ಬರೆದಿರುತ್ತದೆ. ಕೂತು ಒಂದೊಂದೇ ಸಾಲು ಓದೋಣ. ಅವರೆಕಾಳು ಬಿಡಿಸಿಟ್ಟಿದ್ದೇನೆ.

ನಿನ್ನ
ಅಮ್ಮ