ಒಂದೇ ಟೆಸ್ಟಲ್ಲಿ ಮೈಟೊಕಾಂಡ್ರಿಯಾ ಜಾತಕ ಸಿಗಲ್ಲ

ಸಂಪಾದಕರೇ,

ಉರಿಯೂತದ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಲೇಖನ ಸೋಮವಾರಪೇಟೆ ಬಸ್‌ಸ್ಟ್ಯಾಂಡಲ್ಲಿ ಕಾಫಿ ಕುಡೀತಾ ಓದ್ದೆ, ಚೆನ್ನಾಗೇ ಇತ್ತು, ಆದ್ರೆ ಒಂದೇ ಟೆಸ್ಟಲ್ಲಿ ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಕೊಡೋ ಭಾಗ) ಆರೋಗ್ಯ ಗೊತ್ತಾಗುತ್ತೆ ಅಂದಿದ್ದು ಸರಿಯಿಲ್ಲ ಸಾರ್. ನಾನು ಕೆಲವು ವರ್ಷ ಲ್ಯಾಬಲ್ಲಿ ಇದೇ ಕೆಲಸ ಮಾಡಿದೋನು.

ಜೆಸಿ-1 ಅನ್ನೋ ಡೈ ಹಾಕಿದ್ರೆ ಮೈಟೊಕಾಂಡ್ರಿಯಾ ಪೊರೆಯ ವೋಲ್ಟೇಜ್ ಚೆನ್ನಾಗಿರೋ ಕಡೆ ಕೆಂಪು, ಇಳಿದಿರೋ ಕಡೆ ಹಸಿರು ಕಾಣುತ್ತೆ, ಥೇಟ್ ನಮ್ಮ ಕಾಫಿ ಹಣ್ಣು ಕಾಯಿ ಥರ. ಆದ್ರೆ ಡೈ ಹೆಚ್ಚುಕಮ್ಮಿ ಆದ್ರೆ ಬಣ್ಣಾನೇ ಮೋಸ ಮಾಡುತ್ತೆ, ಅದಕ್ಕೇ ಎಫ್‌ಸಿಸಿಪಿ ಅನ್ನೋ ರಾಸಾಯನಿಕ ಹಾಕಿ ವೋಲ್ಟೇಜ್ ಪೂರ್ತಿ ಬೀಳಿಸಿದ ಸ್ಯಾಂಪಲ್ ಒಂದು ಪಕ್ಕದಲ್ಲಿ ಇರ್ಲೇಬೇಕು. ನಾನೊಂದ್ಸಲ ಅದನ್ನ ಮರೆತು ವಾರದ ಕೆಲಸ ನೀರಲ್ಲಿ ಹೋಮ ಮಾಡ್ಕೊಂಡೆ.

ಸೀಹಾರ್ಸ್ ಮೆಷಿನ್ ಜೀವಕೋಶ ಎಷ್ಟು ಆಕ್ಸಿಜನ್ ಬಳಸುತ್ತೆ ಅಂತ ಅಳೆಯುತ್ತೆ. ಅದ್ರಲ್ಲೂ ಎಡವಟ್ಟಿದೆ, ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರೋ ಎಲ್‌ಪಿಎಸ್ ಅನ್ನೋ ಅಂಶ ತಾಗಿದ ಇಲಿ ಮ್ಯಾಕ್ರೊಫೇಜ್ (ರೋಗದ ವಿರುದ್ಧ ಹೋರಾಡೋ ಕೋಶ) ಆಕ್ಸಿಜನ್ ಬಳಸೋದು ಕಮ್ಮಿ ಮಾಡಿ ಗ್ಲೂಕೋಸ್ ಒಡೆಯೋ ಕಡೆ ವಾಲುತ್ತೆ, ರೀಡಿಂಗ್ ಇಳಿಯುತ್ತೆ, ಹಾಗಂತ ಕೋಶ ಸತ್ತಿದೆ ಅಂತಲ್ಲ, ಜಗಳಕ್ಕೆ ನಿಂತಿದೆ ಅಷ್ಟೇ. ಜೊತೆಗೆ ಮೈಟೊಕಾಂಡ್ರಿಯಾ ಡಿಎನ್‌ಎ ಹೊರಗೆ ಸೋರಿದ್ಯಾ ಅಂತ ಪಿಸಿಆರಲ್ಲಿ ನೋಡಬೇಕು, ಆ ಸೋರಿಕೆಯೇ ಉರಿಯೂತಕ್ಕೆ ತುಪ್ಪ ಸುರಿಯೋದು.

ಇನ್ನೊಂದು ಮಾತು, ಇಂಥ ಟೆಸ್ಟಿಗೆ ಅಂತ ಮಡಿಕೇರೀಲಿ ತೆಗೆದ ರಕ್ತ ಘಾಟಿ ಇಳಿದು ಮಂಗಳೂರು ಲ್ಯಾಬ್ ಸೇರೋವಷ್ಟರಲ್ಲಿ ಕೋಶಗಳು ಮೊದಲಿನ ಹಾಗೆ ಇರಲ್ಲ, ಎಷ್ಟು ಗಂಟೆ ತಡ ಆಯ್ತು ಅಂತಲೂ ರಿಪೋರ್ಟಲ್ಲಿ ಬರೀಲಿ.

— ಒಬ್ಬ ಓದುಗ, ಸೋಮವಾರಪೇಟೆ