ಹೊಲಿಗೆ ಹಾಕಿ ಕಳಿಸಿದ್ರಿ, ಮನೆಯಲ್ಲಿ ಎಂತ ಮಾಡಬೇಕು ಅಂತ ಯಾರು ಹೇಳ್ತಾರೆ?

ಸಂಪಾದಕರಿಗೆ ನಮಸ್ಕಾರ.

ಹೆರಿಗೆಗೆ ತವರಿಗೆ ಬಂದಿದ್ದ ನಮ್ಮ ಪಕ್ಕದ ಮನೆಯ ಹುಡುಗಿ ಕಳೆದ ವಾರ ಸಿಸೇರಿಯನ್ ಆಗಿ ಆಸ್ಪತ್ರೆಯಿಂದ ಬಂದಳು. ಅದೇ ಸಂಜೆ ಅವಳ ಅಮ್ಮ ಒಂದು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಕುಳಿತರು. "ಇದರಲ್ಲಿ ಎಂತ ಬರ್ದಿದ್ದಾರೆ ಸ್ವಲ್ಪ ಓದಿ ಹೇಳು ಮಗಾ" ಅಂದರು. ಓದಿದೆ. ಮೂರು ಹಾಳೆ ಇಂಗ್ಲಿಷು. ಯಾವ ಇಂಜೆಕ್ಷನ್ ಕೊಟ್ಟರು, ಮಗು ಎಷ್ಟು ಕೆಜಿ, ಯಾವ ಮಾತ್ರೆ ಎಷ್ಟು ದಿನ, ಒಂದು ವಾರ ಬಿಟ್ಟು ಬರಬೇಕು, ಅಷ್ಟೇ. ಯಾವಾಗ ಸ್ನಾನ ಮಾಡಿಸಬಹುದು, ಹೊಟ್ಟೆಗೆ ಬಟ್ಟೆ ಕಟ್ಟಬಹುದಾ, ಏನಾದ್ರೆ ಓಡಿ ಬರಬೇಕು, ಇದರ ಬಗ್ಗೆ ಒಂದು ಅಕ್ಷರ ಇಲ್ಲ. ಆ ಅಮ್ಮನಿಗೆ ಬೇಕಾಗಿದ್ದದ್ದು ಅದೊಂದೇ.

ನನಗೆ ಸಿಟ್ಟು ಬಂತು. ಎರಡು ವರ್ಷದ ಹಿಂದೆ ನನ್ನ ಕೈಗೆ ಕೊಟ್ಟದ್ದೂ ಇಂಥದ್ದೇ ಫೈಲು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಹಾಕಲು ಜಾಗ ಇಲ್ಲದಿದ್ದರೆ ಕತ್ತರಿಸಿ, ಆದರೆ ದಯವಿಟ್ಟು ಹಾಕಿ.

ಮೊದಲೇ ಹೇಳುತ್ತೇನೆ, ನಾನು ಸಿಸೇರಿಯನ್ ವಿರುದ್ಧ ಬರೆಯುತ್ತಿಲ್ಲ. ನನಗೆ ಹದಿನಾಲ್ಕು ಗಂಟೆ ನೋವು ತಿಂದ ಮೇಲೆ ಮಗುವಿನ ಎದೆಬಡಿತ ಇಳಿಯಲಿಕ್ಕೆ ಶುರುವಾಯಿತು. ಹತ್ತೇ ನಿಮಿಷದಲ್ಲಿ ಸಹಿ ಹಾಕಿಸಿ ಒಳಗೆ ಕರೆದುಕೊಂಡು ಹೋದರು. ಆ ಡಾಕ್ಟರ್ ಮೇಡಂ ಕೈ ಚುರುಕಿಲ್ಲದಿದ್ದರೆ ನನ್ನ ಮಗಳು ಈಗ ಈ ಕಾಗದದ ಮೇಲೆ ಗೀಚಲಿಕ್ಕೆ ಬರುತ್ತಿರಲಿಲ್ಲ. ಜೀವ ಉಳಿಸಿದವರ ಮೇಲೆ ದೂರು ಎಂತಕ್ಕೆ? ನನ್ನ ದೂರು ಆಪರೇಷನ್ ಆದ ಮೇಲಿನ ಆರು ವಾರದ್ದು.

ಇದು ಯಾರೋ ಒಬ್ಬಿಬ್ಬರ ಕಥೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ನೂರಕ್ಕೆ 21.5 ಹೆರಿಗೆ ಸಿಸೇರಿಯನ್, ನಮ್ಮ ಕರ್ನಾಟಕದಲ್ಲಿ 31.5. ಖಾಸಗಿ ಆಸ್ಪತ್ರೆಗಳದ್ದು ಮಾತ್ರ ನೋಡಿದರೆ ದೇಶದ ಲೆಕ್ಕವೇ 47.4. ಇಷ್ಟು ಜಾಸ್ತಿ ಯಾಕೆ ಅನ್ನುವುದು ಬೇರೆ ಜಗಳ, ಅದನ್ನು ಬೇರೆಯವರು ಮಾಡಲಿ. ಮೂರು ಜನ ಹೆತ್ತರೆ ಹೆಚ್ಚುಕಡಿಮೆ ಒಬ್ಬಳ ಹೊಟ್ಟೆಯಲ್ಲಿ ಹೊಲಿಗೆ ಇರುತ್ತದೆ ಅಂತ ಗೊತ್ತಿರುವಾಗ, ಆ ಹೊಲಿಗೆ ಜೊತೆ ಬದುಕುವುದು ಹೇಗೆ ಅಂತ ಹೇಳಿಕೊಡಬೇಕಲ್ವಾ?

ಹಾಸಿಗೆಯಿಂದ ಏಳುವುದು ಹೇಗೆ ಅನ್ನುವುದನ್ನೇ ತೆಗೆದುಕೊಳ್ಳಿ. ಕೇಳಿದರೆ ನಗು ಬರುತ್ತದೆ. ಮರುದಿನ ಮೂತ್ರದ ಪೈಪು ತೆಗೆದು "ಎದ್ದು ಓಡಾಡಿ" ಅಂದರು. ನಾನು ಯಾವತ್ತಿನ ಹಾಗೆ ಮಲಗಿದಲ್ಲಿಂದ ಸೀದಾ ಎದ್ದು ಕೂರಲು ಹೋದೆ. ಕಣ್ಣು ಕತ್ತಲೆ ಬಂತು, ಹೊಟ್ಟೆ ಎರಡು ಭಾಗ ಆದ ಹಾಗೆ. ಎರಡು ದಿನ ಹಾಗೆಯೇ ಎದ್ದೆ, ಪ್ರತಿ ಸಲ ಅತ್ತುಕೊಂಡು. ಮೂರನೇ ರಾತ್ರಿ ಪಕ್ಕದ ಮಂಚದ ಅಕ್ಕ, ಕುಂದಾಪುರ ಕಡೆಯವರು, ಅವರಿಗೆ ಎರಡನೇ ಸಿಸೇರಿಯನ್, ಕತ್ತಲೆಯಲ್ಲೇ ನನ್ನನ್ನು ನೋಡುತ್ತಿದ್ದವರು ತಡೆಯಲಿಕ್ಕಾಗದೆ ಹೇಳಿದರು: "ಹಾಗಲ್ಲ ಕಣೇ. ಮೊದಲು ಮೊಣಕಾಲು ಮಡಚು. ಇಡೀ ಮೈ ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಿಸು. ಕಾಲು ಎರಡೂ ಮಂಚದಿಂದ ಕೆಳಗೆ ಬಿಡು. ಈಗ ಕೈ ಊರಿ ಏಳು." ಎದ್ದೆ. ನೋವು ಇತ್ತು, ಆದರೆ ಮೊದಲಿನ ಅರ್ಧವೂ ಇರಲಿಲ್ಲ. ಕೆಮ್ಮು ಬಂದರೆ, ಸೀನು ಬಂದರೆ, ನಗು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು ಅಂತ ಹೇಳಿದ್ದೂ ಅವರೇ. ಮಗುವನ್ನು ಹೊಟ್ಟೆಯ ಮೇಲೆ ಹಾಕದೆ, ಕಂಕುಳ ಅಡಿಯಲ್ಲಿ ಕಾಲು ಹಿಂದಕ್ಕೆ ಹೋಗುವ ಹಾಗೆ ಹಿಡಿದು ಹಾಲು ಕೊಡಬಹುದು, ಮಗ್ಗುಲಿಗೆ ಮಲಗಿಯೂ ಕೊಡಬಹುದು ಅಂತ ತೋರಿಸಿದ್ದೂ ಅವರೇ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ನನಗೆ ಪಾಠ ಮಾಡಿದ್ದು ಇನ್ನೊಬ್ಬ ಬಾಣಂತಿ. ಡ್ಯೂಟಿಯವರು ದಿನಕ್ಕೆ ಮೂರು ಸಲ ಬಂದು "ಗ್ಯಾಸ್ ಹೋಯ್ತಾ?" ಅಂತ ಎಲ್ಲರ ಎದುರು ಜೋರಾಗಿ ಕೇಳುತ್ತಿದ್ದರು. ಅದು ಯಾಕೆ ಕೇಳುತ್ತಾರೆ ಅಂತ ಕೂಡ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ಕರುಳು ಮತ್ತೆ ಕೆಲಸ ಶುರು ಮಾಡಿತಾ ಅಂತ ನೋಡುವುದಂತೆ. ಅದನ್ನು ಮೊದಲೇ ಹೇಳಿದ್ದರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ ಮಾರಾಯ್ರೆ.

ಮನೆಗೆ ಬಂದದ್ದು ಜೂನ್ ತಿಂಗಳು. ನಮ್ಮ ಊರಿನ ಜೂನ್ ಹೇಗೆ ಅಂತ ನಿಮಗೆ ಗೊತ್ತುಂಟು. ಬಟ್ಟೆ ನಾಲ್ಕು ದಿನ ಆದರೂ ಒಣಗುವುದಿಲ್ಲ. ಬಾಣಂತಿಗೆ ಮೀಯಿಸಲು ಬರುವ ಅಜ್ಜಿ ಮೈಗೆಲ್ಲಾ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಚೆಂಬಿನಲ್ಲಿ ಎತ್ತಿ ಎತ್ತಿ ಹೊಟ್ಟೆಗೆ ಎರಚಿದರು. ಆಮೇಲೆ ಅಮ್ಮ, ಹೊಟ್ಟೆ ಇಳಿಯಬೇಕಲ್ಲ ಅಂತ ಹಳೇ ಸೀರೆಯ ಪಟ್ಟಿ ಬಿಗಿಯಾಗಿ ಕಟ್ಟಿದರು. ಆ ಪಟ್ಟಿ ಅರ್ಧ ಒಣಗಿತ್ತು, ಅರ್ಧ ಹಸಿ. ಒಳಗೆ ಹೊಲಿಗೆ ಬೆವರಿನಲ್ಲಿ, ನೀರಿನಲ್ಲಿ ನೆನೆಯುತ್ತಾ ಇತ್ತು. ಹನ್ನೊಂದನೇ ದಿನ ಪಟ್ಟಿಯಲ್ಲಿ ಹಳದಿ ಕಲೆ ಕಂಡಿತು. ಸುತ್ತ ಕೆಂಪಾಗಿ ಬಿಸಿ ಇತ್ತು. ರಾತ್ರಿ ಚಳಿ, 101 ಜ್ವರ. ನಾವು ಎಂತ ಅಂದುಕೊಂಡೆವು ಗೊತ್ತಾ? ಎದೆಹಾಲು ಕಟ್ಟಿ ಜ್ವರ ಬಂದಿದೆ ಅಂತ. ಕೊಟ್ಟ ತಾರೀಕಿಗೆ ಇನ್ನು ಮೂರು ದಿನ ಇತ್ತು, ಅವತ್ತೇ ಹೋದರಾಯ್ತು ಅಂತ ಸುಮ್ನೆ ಕೂತೆವು.

ಹೋದಾಗ ಹೊಲಿಗೆಯ ಒಂದು ಮೂಲೆ ಬಿಟ್ಟುಕೊಂಡಿತ್ತು. ಹತ್ತು ದಿನ ಡ್ರೆಸ್ಸಿಂಗ್‌ಗೆ ಮಳೆಯಲ್ಲಿ ರಿಕ್ಷಾ ಮಾಡಿಕೊಂಡು ಹೋಗಿ ಬಂದೆ, ಪ್ರತಿ ಹಂಪ್‌ಗೂ ಹೊಟ್ಟೆಗೆ ದಿಂಬು ಹಿಡಿದುಕೊಂಡು. ಡ್ರೆಸ್ಸಿಂಗ್ ಮಾಡಿದವರು "ಜ್ವರ ಬಂದ ದಿನವೇ ಯಾಕೆ ಬರಲಿಲ್ಲ?" ಅಂತ ಬೈದರು. ಬರಬೇಕು ಅಂತ ಯಾರು ಹೇಳಿದ್ದರು? ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ಆ ಒಂದು ಆಸ್ಪತ್ರೆಯದ್ದೇ ತಪ್ಪು ಅಂತ ಆಗುತ್ತದೆ. ಹಾಗಲ್ಲ, ನಾನು ಆಮೇಲೆ ಕೇಳಿದ ಹತ್ತು ಜನರಲ್ಲಿ ಎಂಟು ಜನ ಇದೇ ಕಥೆ ಹೇಳಿದರು, ಬೇರೆ ಬೇರೆ ಆಸ್ಪತ್ರೆಯದ್ದು.

ಇಲ್ಲಿ ಕೆಲವರು "ನೋಡಿ, ಈ ಹಳೇ ಕಾಲದ ಬಾಣಂತನವೇ ತಪ್ಪು" ಅಂತ ಶುರು ಮಾಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನಲವತ್ತು ದಿನ ಒಬ್ಬಳು ಹೆಂಗಸಿಗೆ ಅಡುಗೆ ಮಾಡಲಿಕ್ಕಿಲ್ಲ, ನೆಲ ಒರೆಸಲಿಕ್ಕಿಲ್ಲ, ಬಿಸಿ ಗಂಜಿ ಕೈಗೇ ಬರುತ್ತದೆ, ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ ಇರುತ್ತದೆ ಅಂದರೆ ಅದು ಸಣ್ಣ ವಿಷಯವಾ? ಡಾಕ್ಟರ್ ಹೇಳುವ ಆರು ವಾರದ ರೆಸ್ಟಿಗೂ ನಮ್ಮ ನಲವತ್ತು ದಿನಕ್ಕೂ ಎರಡೇ ದಿನದ ವ್ಯತ್ಯಾಸ. ತಪ್ಪಿದ್ದು ಎಲ್ಲಿ ಅಂದರೆ, ಈ ಪದ್ಧತಿ ಹೊಟ್ಟೆ ಕುಯ್ಯದ ಹೆರಿಗೆಗೆ ಮಾಡಿದ್ದು. ಅದನ್ನು ಸ್ವಲ್ಪ ತಿದ್ದಬೇಕು, ಮತ್ತು ತಿದ್ದುವುದಕ್ಕೆ ಆ ಅಜ್ಜಿಗೆ ಯಾರಾದರೂ ಹೇಳಬೇಕು. ಡ್ರೆಸ್ಸಿಂಗ್ ಮುಗಿದ ಮೇಲೆ ನಾನೇ ಹೇಳಿದೆ. ಅಜ್ಜಿ ಒಂದು ನಿಮಿಷ ಸುಮ್ಮನಿದ್ದು, "ಮೊದಲೇ ಹೇಳಿದ್ರೆ ಬೆನ್ನಿಗೆ, ಕಾಲಿಗೆ ಮಾತ್ರ ಹಾಕ್ತಿದ್ದೆ, ನಂಗೆಂತ ಗೊತ್ತು ನಿನ್ನ ಹೊಲಿಗೆ ವಿಷಯ" ಅಂದರು. ಮರುದಿನದಿಂದ ಹಾಗೇ ಮಾಡಿದರು. ಸ್ನಾನ ಆದ ಕೂಡಲೇ ಬಿಳಿ ಹತ್ತಿಬಟ್ಟೆಯಲ್ಲಿ ಹೊಲಿಗೆಯನ್ನು ತಿಕ್ಕದೆ ಒತ್ತಿ ಒತ್ತಿ ಒರೆಸುತ್ತಿದ್ದದ್ದೂ ಅವರೇ. ಕಲಿಯಲಿಕ್ಕೆ ಎಪ್ಪತ್ತು ದಾಟಿದ ಅಜ್ಜಿಗೆ ಅಡ್ಡಿ ಇರಲಿಲ್ಲ.

ನೀರಿನ ವಿಷಯವೂ ಇದೇ. ನಮ್ಮ ಕಡೆ ಬಾಣಂತಿಗೆ ನೀರು ಜಾಸ್ತಿ ಕೊಟ್ಟರೆ ಹೊಟ್ಟೆ ಬರುತ್ತದೆ ಅನ್ನುತ್ತಾರೆ. ಬಾಳೆಹಣ್ಣು ತಂಪು, ಸೊಪ್ಪು ತಂಪು. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ. ಮೇಲಿಂದ ಕಬ್ಬಿಣದ ಮಾತ್ರೆ, ನೀರಿಲ್ಲ, ನಾರಿಲ್ಲ. ಮಲಬದ್ಧತೆ ಆಗದೆ ಇನ್ನೇನಾಗುತ್ತದೆ? ಹೊಲಿಗೆ ಇಟ್ಟುಕೊಂಡು ತಿಣುಕುವುದು ಹೇಗಿರುತ್ತದೆ ಅಂತ ಬರೆಯುವುದಿಲ್ಲ, ಪೇಪರನ್ನು ಜನ ಬೆಳಿಗ್ಗೆ ಚಾ ಕುಡಿಯುತ್ತಾ ಓದುತ್ತಾರೆ. ನೋವಿನ ಮಾತ್ರೆ ತೆಗೆದುಕೊಂಡರೆ ಹಾಲಿನಲ್ಲಿ ಮಗುವಿಗೆ ಹೋಗುತ್ತದೆ ಅಂತ ಹೆದರಿ ಬಿಸಾಡುವವರೂ ಎಷ್ಟೋ ಜನ. ಪ್ಯಾರಾಸಿಟಮಾಲ್ ಹಾಲುಣಿಸುವವರು ತೆಗೆದುಕೊಳ್ಳಬಹುದಾದ ಮಾತ್ರೆ. ನೋವು ತಡೆದುಕೊಂಡು ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಬೇಗ ಎದ್ದು ನಡೆಯಿರಿ ಅನ್ನುವುದು ಅದಕ್ಕೇ.

ಇನ್ನು ನೋಡಲು ಬರುವವರು. "ನಾರ್ಮಲ್ ಆಗ್ಲಿಲ್ವಾ?" ಅಂತ ಮುಖ ಸಣ್ಣ ಮಾಡುವುದು. "ಈಗಿನವರಿಗೆ ಸುಲಭ, ನೋವೇ ಇಲ್ಲ" ಅನ್ನುವುದು. ಚರ್ಮ, ಕೊಬ್ಬು, ಪೊರೆ, ಗರ್ಭಕೋಶ ಎಲ್ಲ ಕುಯ್ದು ಹೊಲಿದಿರುವುದು ಸುಲಭವಾ? ನಾನು ಆಗ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದೆ. ಹೆರಿಗೆ ಆದ ಮೊದಲ ದಿನಗಳಲ್ಲಿ ಹಾಗೆ ಅಳು ಬರುವುದುಂಟು, ಆದರೆ ಎರಡು ವಾರ ದಾಟಿದ ಮೇಲೂ ಹೋಗದಿದ್ದರೆ ಅದು ಚಿಕಿತ್ಸೆ ಬೇಕಾದ ವಿಷಯ ಅಂತ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಈ ನಂಬರನ್ನು ಹೆರಿಗೆ ವಾರ್ಡಿನ ಗೋಡೆಗೆ ಅಂಟಿಸಿದ್ದನ್ನು ನಾನಂತೂ ನೋಡಲಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತಲೂ ಅಲ್ಲ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಉಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಉಚಿತ, ಔಷಧಿ ಉಚಿತ, 7 ದಿನದ ತನಕ ಊಟ ಉಚಿತ, ಮನೆಗೆ ಬಿಡುವ ಗಾಡಿಯೂ ಉಚಿತ. ಆಶಾ ಕಾರ್ಯಕರ್ತೆಯರು 42ನೇ ದಿನದ ತನಕ ಮನೆಗೆ ಬಂದು ಮಗುವನ್ನು ನೋಡಬೇಕು ಅಂತ ನಿಯಮ ಉಂಟು. ನಮ್ಮ ಆಶಾ ಅಕ್ಕ ಮಳೆಯಲ್ಲೂ ಬಂದರು, ಮಗುವನ್ನು ತೂಕ ಮಾಡಿದರು, ಜ್ವರ ನೋಡಿದರು. ಅವರು ಬರುವಾಗ "ಅಮ್ಮನ ಹೊಲಿಗೆ ತೋರಿಸಿ" ಅಂತ ಒಂದು ಮಾತು ಸೇರಿಸಿದರೆ ಸಾಕಿತ್ತು. ಅವರಿಗೂ ಯಾರಾದರೂ ಹೇಳಿಕೊಡಬೇಕಲ್ಲ, ಅವರ ತಲೆ ಮೇಲೆ ಈಗಲೇ ನೂರು ಕೆಲಸ.

ನನ್ನ ಕೋರಿಕೆ ದೊಡ್ಡದೇನಲ್ಲ. ಡಿಸ್ಚಾರ್ಜ್ ದಿನ, ಬಿಲ್ಲು ಕಟ್ಟಲು ಮನೆಯವರು ಕೌಂಟರಿನಲ್ಲಿ ನಿಂತಿರುವ ಹೊತ್ತಿನಲ್ಲಿ, ಯಾರಾದರೂ ಹತ್ತು ನಿಮಿಷ ಬಾಣಂತಿಯ ಹತ್ತಿರ ಕೂತು ಮಾತಾಡಲಿ. ಬಾಣಂತಿ ಒಬ್ಬಳಿಗೇ ಅಲ್ಲ, ಮನೆಯಲ್ಲಿ ಬಾಣಂತನ ಮಾಡುವ ಅಮ್ಮನೋ ಅತ್ತೆಯೋ ಅವರನ್ನೂ ಕೂರಿಸಿ. ಗಂಡನನ್ನೂ ಕೂರಿಸಿ, ಬಾಗಿಲ ಹತ್ತಿರ ಮೊಬೈಲ್ ನೋಡುತ್ತಾ ನಿಂತದ್ದು ಸಾಕು. ಡಾಕ್ಟರಿಗೆ ಪುರುಸೊತ್ತು ಇಲ್ಲ, ಒಪ್ಪುತ್ತೇನೆ. ಆದರೆ ಮಂಗಳೂರು, ಮಣಿಪಾಲ, ಉಡುಪಿ ಸುತ್ತ ಎಷ್ಟು ನರ್ಸಿಂಗ್ ಕಾಲೇಜು ಉಂಟು! ಗಲ್ಫಿಗೂ ಲಂಡನ್ನಿಗೂ ನರ್ಸ್ ಕಳಿಸುವ ಊರು ನಮ್ಮದು. ಆ ಮಕ್ಕಳಿಗೆ ಇದನ್ನೇ ಒಂದು ಕೆಲಸ ಅಂತ ಕೊಡಿ. ತುಳು ಬರುವವರು ತುಳುವಿನಲ್ಲಿ ಹೇಳಲಿ, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ, ಯಾರಿಗೆ ಯಾವುದು ಮನೆಮಾತೋ ಅದರಲ್ಲಿ. ಜೊತೆಗೆ ಕನ್ನಡದಲ್ಲಿ ಒಂದೇ ಒಂದು ಹಾಳೆ, ಅಕ್ಷರ ದೊಡ್ಡದಿರಲಿ, ಅಜ್ಜಿಯಂದಿರಿಗೆ ಕನ್ನಡಕ ಸಿಗದಿದ್ದರೂ ಓದಲಿಕ್ಕಾಗುವಷ್ಟು. ಇನ್ನೊಂದು: ಯಾಕೆ ಸಿಸೇರಿಯನ್ ಮಾಡಿದರು, ಗರ್ಭಕೋಶವನ್ನು ಅಡ್ಡ ಕುಯ್ದದ್ದಾ ಉದ್ದಕ್ಕಾ ಅಂತ ಸ್ಪಷ್ಟವಾಗಿ ಬರೆದುಕೊಡಿ. ಮುಂದಿನ ಸಲ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಬಹುದಾ ಅನ್ನುವುದು ಅದರ ಮೇಲೂ ನಿಂತಿರುತ್ತದೆ. "ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್" ಅಂತ ಏನಿಲ್ಲ.

ಪಕ್ಕದ ಮನೆಯ ಅಮ್ಮನಿಗೆ ನಾನು ಅವತ್ತು ಮಗಳ ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು ಬರೆದುಕೊಟ್ಟೆ. ಮಗ್ಗುಲಿಗೆ ಹೊರಳಿ ಏಳಬೇಕು. ಮಗುವಿಗಿಂತ ಭಾರದ್ದು ಆರು ವಾರ ಎತ್ತಬಾರದು, ನೀರಿನ ಕೊಡ ಮುಟ್ಟಲೇಬಾರದು. ಹೊಲಿಗೆಗೆ ಎಣ್ಣೆ, ಅರಸಿನ ಏನೂ ಹಚ್ಚಬಾರದು, ಒಣಗಿರಬೇಕು. ಬಟ್ಟೆ ಕಟ್ಟುವುದಿದ್ದರೆ ಡಾಕ್ಟರನ್ನು ಕೇಳಿ, ಹಸಿ ಬಟ್ಟೆ ಬೇಡ. ಕೆಳಗೆ ಕೆಂಪು ಗೀರು ಎಳೆದು ಬರೆದೆ: 100.4 ದಾಟಿದ ಜ್ವರ, ಹೊಲಿಗೆಯಲ್ಲಿ ಕೀವು, ಕೆಟ್ಟ ವಾಸನೆಯ ಸ್ರಾವ, ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವ ರಕ್ತ, ಒಂದೇ ಕಾಲು ಬಾತು ನೋವು, ಎದೆನೋವು, ಉಸಿರು ಕಟ್ಟುವುದು, ಕಣ್ಣು ಮಂಜಾಗುವ ತಲೆನೋವು, ತನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಅನ್ನುವ ಯೋಚನೆ, ಇದರಲ್ಲಿ ಒಂದು ಬಂದರೂ ತಾರೀಕು ನೋಡಬೇಡಿ, ಆ ಕೂಡಲೇ ಹೊರಡಿ, ಗಾಡಿ ಇಲ್ಲದಿದ್ದರೆ 108. ಆ ಹಾಳೆ ಈಗ ಅವರ ಫ್ರಿಜ್ಜಿನ ಬಾಗಿಲಲ್ಲಿ ಉಂಟು. ನಿನ್ನೆ ಅವರು ಬಂದು ಎರಡು ಜೆರಾಕ್ಸ್ ಮಾಡಿಸಿಕೊಂಡು ಹೋದರು, ಒಂದು ಕೋಟದಲ್ಲಿರುವ ತಂಗಿಯ ಮಗಳಿಗಂತೆ.

ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಕಾಮರ್ಸ್ ಓದಿದವಳು. ಹಾಳೆಯಲ್ಲಿ ತಪ್ಪಿದ್ದರೆ ಈ ಪತ್ರ ಓದುವ ಡಾಕ್ಟರುಗಳು ಯಾರಾದರೂ ತಿದ್ದಿ ಇದೇ ಪೇಪರಿಗೆ ಬರೆಯಿರಿ. ಕೋಟಕ್ಕೆ ಹೊಸ ಜೆರಾಕ್ಸ್ ಕಳಿಸುತ್ತೇನೆ.

ಓರ್ವ ತಾಯಿ, ಬ್ರಹ್ಮಾವರ