ಅಂಗಳದ ಸದ್ದು ಕಳಿಸಿದ್ದೇನೆ, ಮಗಳೇ

ಬದಿಯಡ್ಕ

ಪ್ರೀತಿಯ ಮಗಳೇ,

ನೀನು ಕೇಳಿದ ಹಾಗೆ ಮನೆಯ ಸದ್ದು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ಅಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಚಟ್ ಅಂತ ಸಿಪ್ಪೆ ಬಿಡುವುದು, ಅಡಿಕೆ ಬುಟ್ಟಿಗೆ ಬೀಳುವುದು. ಯಾರೂ ಮಾತಾಡಬಾರದು ಅಂದಿದ್ದೆಯಲ್ಲ, ಅರ್ಧ ನಿಮಿಷ ಎಲ್ಲರೂ ಸುಮ್ನೆ ಕೂತಿದ್ದೆವು. ಹುಟ್ಟಿದಾಗಿನಿಂದ ಈ ಸದ್ದಿನೊಳಗೇ ಇದ್ದೇನೆ. ಕಿವಿಗೊಟ್ಟು ಕೇಳಿದ್ದು ಮಾತ್ರ ಅವತ್ತೇ ಮೊದಲು.

ರೇಡಿಯೊ ಕಲಿಯಲು ಕಠ್ಮಂಡುವಿಗೆ ಯಾಕೆ ಹೋಗಬೇಕು ಅಂತ ನೆಂಟರು ಕೇಳಿದ್ದರು. ಈಗ ನಾನೇ ಹೇಳುತ್ತೇನೆ. ನಮ್ಮಲ್ಲಿ ಖಾಸಗಿ ಎಫ್‌ಎಂ, ಊರಿನವರೇ ನಡೆಸುವ ಸಮುದಾಯ ರೇಡಿಯೊ ಯಾವುದೂ ಸ್ವಂತ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿಯ ವಾರ್ತೆಯನ್ನು ಹಾಗೇ ಹಾಕಬಹುದು, ಅಷ್ಟೆ. ನೇಪಾಳದಲ್ಲಿ 1997ರಲ್ಲಿ ರೇಡಿಯೊ ಸಗರ್‌ಮಾಥಾ ಎಂಬ ಸಮುದಾಯ ರೇಡಿಯೊ ಶುರುವಾದ ಮೇಲೆ ಊರೂರಿಗೆ ಸಣ್ಣ ರೇಡಿಯೊ ಬಂತು. ಸುದ್ದಿ ಹುಡುಕಿ, ಬರೆದು, ಓದುವವರು ಈಗ ಆ ರೇಡಿಯೊದವರೇ. 2015ರ ಭೂಕಂಪದಲ್ಲಿ ಕಟ್ಟಡ ಹೋದರೂ ಕೆಲವರು ಡೇರೆಯಲ್ಲಿ ಕೂತು ಪ್ರಸಾರ ಮಾಡಿದರಂತೆ. ಅಂಥವರ ಪಕ್ಕ ಕೂತು ಕಲಿಯುವುದು ಕಾಲೇಜಿನಲ್ಲಿ ಸಿಗುತ್ತದಾ?

ಮೊದಲ ವಾರ ನೀನು ಫೋನಿನಲ್ಲಿ ಅತ್ತಿದ್ದೆ. "ಅಪ್ಪಾ, ರೆಕಾರ್ಡಿಂಗಿನಿಂದ ಬೇರೆಯವರ ಕೆಮ್ಮು, ಉಸಿರು ಕತ್ತರಿಸುವ ಕೆಲಸ ಮಾತ್ರ ಕೊಟ್ಟಿದ್ದಾರೆ" ಅಂತ. ನಂಗೂ ಬೇಜಾರಾಗಿತ್ತು. ಆದರೆ ಮೊನ್ನೆ ತರಕಾರಿ ಬೆಲೆಯ ಸುದ್ದಿಯನ್ನು ಕನ್ನಡದಲ್ಲಿ ಓದಿ ಕೇಳಿಸಿದೆಯಲ್ಲ, ಒಂದೂವರೆ ನಿಮಿಷದ್ದು! ಮೊದಲು ಸಂತೆಯ ಗದ್ದಲ. ಅದರೊಳಗಿಂದ ಮಾರುವ ಹೆಂಗಸಿನ ದನಿ. ಆಮೇಲೆ ನಿನ್ನದು. ನೀನು ಮೊದಲು ಬರೆಯುತ್ತಿದ್ದ ಉದ್ದುದ್ದ ವಾಕ್ಯ ಒಂದೂ ಇರಲಿಲ್ಲ. ಪೇಪರಿನಲ್ಲಾದರೆ ತಿಳಿಯದ ಸಾಲನ್ನು ಇನ್ನೊಮ್ಮೆ ಓದಬಹುದು. ರೇಡಿಯೊದಲ್ಲಿ ಕೈತಪ್ಪಿದ ಮಾತು ಹೋಯಿತೇ, ಅಲ್ವಾ? ಕೆಮ್ಮು ಕತ್ತರಿಸುತ್ತಾ ಕತ್ತರಿಸುತ್ತಾ ನೀನು ಬೇಡದ ಮಾತನ್ನೂ ಕತ್ತರಿಸಲು ಕಲಿತೆ ಅನ್ನಿಸಿತು.

ನೇಪಾಳಿ ಬರುವುದಿಲ್ಲ ಅಂತ ಹೆದರಬೇಡ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡಿಕೊಂಡೇ ಬೆಳೆದವಳು ನೀನು. ಕಾಸರಗೋಡಿನ ಮಕ್ಕಳಿಗೆ ಇನ್ನೊಂದು ಭಾಷೆ ಜಾಸ್ತಿ ಭಾರ ಆಗುವುದಿಲ್ಲ.

ಒಂದು ಕೆಲಸ ಮಾತ್ರ ನಿನಗಾಗಿ ಇಟ್ಟಿದ್ದೇನೆ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗಿನಿಂದ ಅಜ್ಜಿ ರೇಡಿಯೊ ಕೇಳಿಕೊಂಡು ಬಂದವರು. ಅವರ ದನಿಯನ್ನು ಮಾತ್ರ ಇದುವರೆಗೆ ಯಾರೂ ಹಿಡಿದಿಟ್ಟಿಲ್ಲ. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹಾಡುತ್ತಿದ್ದ ಪಾಡ್ದನ, ಆ ತುಳು ಕತೆಹಾಡು, ಅವರಿಗೆ ಇನ್ನೂ ನೆನಪಿದೆ. ನೀನು ಬಂದು ರೆಕಾರ್ಡ್ ಮಾಡುತ್ತೀ, ಫ್ಯಾನ್ ಆಫ್ ಮಾಡಿ ಕೂರಬೇಕು ಅಂತ ಅವರಿಗೆ ಹೇಳಿದ್ದೇನೆ. ಒಪ್ಪಿದ್ದಾರೆ.

ಇಂತಿ,
ನಿನ್ನ ಅಪ್ಪ